ಎರವಲು ದನಿ, ಐದು ಗೆಲುವು: ಯೂರೋವಿಷನ್‌ನಲ್ಲಿ ಲಕ್ಸೆಂಬರ್ಗ್

ಹುಟ್ಟಿದ್ದು ಗ್ರೀಸಿನ ಕಾರ್ಫು ದ್ವೀಪದಲ್ಲಿ. ಬೆಳೆದದ್ದು ಜರ್ಮನಿಯಲ್ಲಿ. ಹಾಡಿದ್ದು ಫ್ರೆಂಚಿನಲ್ಲಿ, ಅದೂ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ಗೆದ್ದುಕೊಟ್ಟದ್ದು ಮಾತ್ರ ಲಕ್ಸೆಂಬರ್ಗಿಗೆ. 1972ರ ಮಾರ್ಚ್ 25ರ ರಾತ್ರಿ ವಿಕಿ ಲಿಯಾಂಡ್ರೋಸ್ ಯೂರೋವಿಷನ್ ಹಾಡಿನ ಸ್ಪರ್ಧೆಯ ಬಹುಮಾನ ಹಿಡಿದು ನಿಂತಾಗ, ಆ ದೇಶಕ್ಕೂ ಆಕೆಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವಾಗಿ ಏಳಬೇಕಿತ್ತು. ಆದರೆ ಲಕ್ಸೆಂಬರ್ಗಿನ ಮಟ್ಟಿಗೆ ಅದು ಮಾಮೂಲಿ. ಅದಕ್ಕೂ ಮುಂಚೆ ಆ ದೇಶಕ್ಕೆ ಗೆದ್ದುಕೊಟ್ಟ ಇಬ್ಬರೂ ಫ್ರಾನ್ಸಿನವರು. ಮುಂದೆ ಗೆಲ್ಲಲಿದ್ದ ಇಬ್ಬರೂ ಫ್ರಾನ್ಸಿನವರೇ.

ಲಕ್ಸೆಂಬರ್ಗ್ ಎಂದರೆ ಫ್ರಾನ್ಸ್, ಜರ್ಮನಿ, ಬೆಲ್ಜಿಯಂಗಳ ನಡುವೆ ಸಿಕ್ಕಿಕೊಂಡಿರುವ 2,586 ಚದರ ಕಿಲೋಮೀಟರಿನ ನಾಡು. ನಮ್ಮ ಕೊಡಗು ಜಿಲ್ಲೆಗಿಂತ ಚಿಕ್ಕದು. 1960ರ ದಶಕದ ಆರಂಭದಲ್ಲಿ ಅಲ್ಲಿದ್ದ ಜನ ಮೂರು ಲಕ್ಷ ಚಿಲ್ಲರೆ. ಇಷ್ಟು ಪುಟ್ಟ ದೇಶ 1961, 1965, 1972, 1973 ಮತ್ತು 1983ರಲ್ಲಿ, ಒಟ್ಟು ಐದು ಬಾರಿ, ಯೂರೋಪಿನ ಅತಿ ದೊಡ್ಡ ಹಾಡಿನ ಸ್ಪರ್ಧೆಯನ್ನು ಗೆದ್ದಿದೆ. ಗೆದ್ದ ಐವರಲ್ಲಿ ಲಕ್ಸೆಂಬರ್ಗಿನವರು ಒಬ್ಬರೂ ಇಲ್ಲ. ಆಮೇಲೆ, 1993ರ ನಂತರ, ಆ ದೇಶ ಸ್ಪರ್ಧೆಯಿಂದಲೇ ಮಾಯವಾಯಿತು. ಮರಳಿ ಬಂದದ್ದು 31 ವರ್ಷಗಳ ಮೇಲೆ, 2024ರಲ್ಲಿ.

ಇದನ್ನು ಹೇಳಿದಾಗ ಹೆಚ್ಚಿನವರ ಮೊದಲ ಪ್ರತಿಕ್ರಿಯೆ, 'ಹಾಗಾದರೆ ಅದು ಮೋಸವಲ್ಲವೇ?' ಎಂಬುದು. ಅಲ್ಲ. ಯಾಕೆ ಅಲ್ಲ ಎಂದು ತಿಳಿಯಬೇಕಾದರೆ ಯೂರೋವಿಷನ್‌ನಲ್ಲಿ ನಿಜಕ್ಕೂ ಸ್ಪರ್ಧಿಸುವವರು ಯಾರು ಎಂಬುದನ್ನು ನೋಡಬೇಕು.

ಹೊರಗಿನಿಂದ ನೋಡಿದರೆ ಅದು ದೇಶ ದೇಶಗಳ ನಡುವಿನ ಪೈಪೋಟಿ. ಬಾವುಟ ಬೀಸುವವರು, ಅಂಕ ಕೊಡುವಾಗ ದೇಶದ ಹೆಸರು ಕೂಗುವವರು, ಎಲ್ಲವೂ ಒಲಿಂಪಿಕ್ಸಿನ ಹಾಗೆ. ಆದರೆ ಒಳಗಿನ ಲೆಕ್ಕ ಬೇರೆ. ಸ್ಪರ್ಧೆ ನಡೆಸುವುದು 1950ರಲ್ಲಿ ಹುಟ್ಟಿದ ಯೂರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್, ಅಂದರೆ ರೇಡಿಯೊ ಮತ್ತು ಟಿವಿ ಸಂಸ್ಥೆಗಳ ಒಕ್ಕೂಟ. ಅದರ ಸದಸ್ಯರು ಸರ್ಕಾರಗಳಲ್ಲ, ಪ್ರಸಾರ ಸಂಸ್ಥೆಗಳು. ಬ್ರಿಟನ್ ಎಂದರೆ ಬಿಬಿಸಿ, ಇಟಲಿ ಎಂದರೆ ರಾಯ್. ಹಾಡನ್ನು ಆರಿಸುವುದು, ಗಾಯಕರನ್ನು ಕಳಿಸುವುದು, ಖರ್ಚು ಹೊರುವುದು ಎಲ್ಲ ಆ ಸಂಸ್ಥೆಯ ಕೆಲಸ. ಹಾಡುವವರ ಪಾಸ್‌ಪೋರ್ಟ್ ಯಾವುದಿರಬೇಕೆಂದು ಸ್ಪರ್ಧೆಯ ನಿಯಮ ಕೇಳುವುದಿಲ್ಲ. ಆರ್‌ಸಿಬಿ ಪರ ಆಡುವವರ ಮನೆಮಾತು ಏನೆಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಯಾರೂ ವಿಚಾರಿಸುವುದಿಲ್ಲವಲ್ಲ, ಹಾಗೆ.

ಹಾಗಾಗಿ 'ಲಕ್ಸೆಂಬರ್ಗ್ ಗೆದ್ದಿತು' ಎಂಬುದನ್ನು ಸರಿಯಾಗಿ ಓದಬೇಕಾದರೆ 'ಲಕ್ಸೆಂಬರ್ಗಿನ ರೇಡಿಯೊ ಕಂಪನಿ ಗೆದ್ದಿತು' ಎಂದು ಓದಬೇಕು. ಮತ್ತು ಆ ಕಂಪನಿ ಎಂಥದ್ದೆಂದು ಗೊತ್ತಾದರೆ ಉಳಿದ ಒಗಟು ಬಹುಪಾಲು ಬಿಡಿಸಿಕೊಳ್ಳುತ್ತದೆ.

ಪಕ್ಕದ ಮನೆಗೆ ಹಾಡುವ ರೇಡಿಯೊ

1933ರಲ್ಲಿ ಯುಂಗ್‌ಲಿನ್‌ಸ್ಟರ್ ಎಂಬ ಹಳ್ಳಿಯಲ್ಲಿ ಎತ್ತರದ ಕಂಬಗಳನ್ನು ನೆಟ್ಟು ರೇಡಿಯೊ ಲಕ್ಸೆಂಬರ್ಗ್ ಪ್ರಸಾರ ಶುರುಮಾಡಿತು. ಆ ಕಾಲಕ್ಕೆ ಯೂರೋಪಿನ ಅತ್ಯಂತ ಶಕ್ತಿಶಾಲಿ ಟ್ರಾನ್ಸ್‌ಮಿಟರುಗಳಲ್ಲಿ ಅದೂ ಒಂದು. ಮೂರು ಲಕ್ಷ ಜನಕ್ಕೆ ಅಷ್ಟು ದೊಡ್ಡ ಗಂಟಲು ಯಾಕೆ ಬೇಕು? ಬೇಕಿದ್ದದ್ದು ಅವರಿಗಲ್ಲ, ನೆರೆಯವರಿಗೆ. ಬ್ರಿಟನ್ನಿನಲ್ಲಿ ಬಿಬಿಸಿಯದ್ದೇ ಏಕಸ್ವಾಮ್ಯ, ಜಾಹೀರಾತಿಗೆ ಅಲ್ಲಿ ಜಾಗವಿಲ್ಲ. ಭಾನುವಾರವಂತೂ ಗಂಭೀರ ಕಾರ್ಯಕ್ರಮಗಳೇ. ಎರಡನೆಯ ಮಹಾಯುದ್ಧದ ನಂತರ ಫ್ರಾನ್ಸಿನಲ್ಲೂ ರೇಡಿಯೊ ಪೂರ್ತಿ ಸರ್ಕಾರದ ಹಿಡಿತಕ್ಕೆ ಹೋಯಿತು. ಗಡಿಯಾಚೆ ಕೂತು ಆ ಜನರಿಗೆ ಅವರದೇ ಭಾಷೆಯಲ್ಲಿ ಹಾಡು ಹಾಕಿ, ನಡುನಡುವೆ ಸೋಪು ಮಾರಿದರೆ? ರೇಡಿಯೊ ಲಕ್ಸೆಂಬರ್ಗಿನ ವ್ಯಾಪಾರವೇ ಅದು. ಫ್ರೆಂಚ್ ಬಂಡವಾಳದ ದೊಡ್ಡ ಪಾಲಿದ್ದ ಈ ಖಾಸಗಿ ಕಂಪನಿ ಫ್ರೆಂಚಿನಲ್ಲಿ, ಇಂಗ್ಲಿಷಿನಲ್ಲಿ, 1957ರಿಂದ ಜರ್ಮನ್ನಿನಲ್ಲೂ ಕಾರ್ಯಕ್ರಮ ಬಿತ್ತರಿಸಿತು.

ನಮ್ಮಲ್ಲಿ ಹಿರಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ, 'ರೇಡಿಯೊ ಸಿಲೋನ್' ಎಂದರೆ ಸಾಕು. 1952ರ ಸುಮಾರಿಗೆ ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರ ಇಟ್ಟಾಗ ಕೊಲಂಬೊದಿಂದ ಬಿನಾಕಾ ಗೀತಮಾಲಾ ತೇಲಿಬಂತು. ಒಂದು ಪುಟ್ಟ ದ್ವೀಪ ದೊಡ್ಡ ನೆರೆಯವನ ಕಿವಿಗೆ ಅವನು ಮನೆಯಲ್ಲಿ ಕೇಳಲಾಗದ್ದನ್ನು ಕೇಳಿಸಿ ದುಡ್ಡು ಮಾಡಿತು. ರೇಡಿಯೊ ಲಕ್ಸೆಂಬರ್ಗ್ ಯೂರೋಪಿನ ರೇಡಿಯೊ ಸಿಲೋನ್.

1955ರಲ್ಲಿ ಇದೇ ಕಂಪನಿ ಟಿವಿಯನ್ನೂ ಆರಂಭಿಸಿತು. ಟೆಲಿ ಲಕ್ಸೆಂಬರ್ಗ್ ಮಾತಾಡುತ್ತಿದ್ದದ್ದು ಫ್ರೆಂಚ್. ನೋಡುಗರಲ್ಲಿ ದೊಡ್ಡ ಪಾಲು ಗಡಿಯಾಚೆಯ ಫ್ರಾನ್ಸಿನ ಲೊರೇನ್ ಪ್ರಾಂತದವರು. ಮರುವರ್ಷವೇ, 1956ರ ಮೇ 24ರಂದು, ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಮೊದಲ ಯೂರೋವಿಷನ್ ನಡೆಯಿತು. ಭಾಗವಹಿಸಿದ್ದು ಏಳೇ ದೇಶ, ತಲಾ ಎರಡು ಹಾಡು. ಲಕ್ಸೆಂಬರ್ಗ್ ಆ ಏಳರಲ್ಲಿ ಒಂದು. ಎರಡೂ ಹಾಡುಗಳನ್ನು ಹಾಡಿದ್ದು ಮಿಶೆಲ್ ಆರ್ನೋ ಎಂಬ ಫ್ರೆಂಚ್ ಗಾಯಕಿ. ಕಥೆ ಮೊದಲ ದಿನದಿಂದಲೇ ಹೀಗೆ.

ಇಲ್ಲಿ ಪ್ಯಾರಿಸಿನ ಕಡೆಯಿಂದಲೂ ಒಮ್ಮೆ ನೋಡಿ. ಫ್ರಾನ್ಸಿಗೆ ವರ್ಷಕ್ಕೆ ಒಂದೇ ಹಾಡಿನ ಅವಕಾಶ. ಪ್ಯಾರಿಸಿನ ರೆಕಾರ್ಡ್ ಕಂಪನಿಗಳ ಬಳಿಯೋ ಡಜನ್‌ಗಟ್ಟಲೆ ಗಾಯಕರು, ಕಪಾಟು ತುಂಬ ಹಾಡು. ಮುಂಬಾಗಿಲಲ್ಲಿ ನೂಕುನುಗ್ಗಲು. ಲಕ್ಸೆಂಬರ್ಗ್ ಹಿಂಬಾಗಿಲು. ಮೊನಾಕೊ ಇನ್ನೊಂದು ಕಿಟಕಿ. ಲಕ್ಸೆಂಬರ್ಗಿನ ಕಂಪನಿಗಾದರೂ ಅಷ್ಟೇ: ಫ್ರೆಂಚ್ ಕೇಳುಗರಿಗೆ ಹಿಡಿಸುವ ಮುಖ ಬೇಕಿತ್ತೇ ಹೊರತು ತನ್ನೂರಿನ ಹುಡುಗ ಬೇಕಾಗಿರಲಿಲ್ಲ. ಇಬ್ಬರಿಗೂ ಲಾಭವಿದ್ದ ವ್ಯವಹಾರ.

ಇದರ ಫಲ ಎಷ್ಟು ವಿಚಿತ್ರವಾಗಿದೆ ಎಂದರೆ, ಯೂರೋವಿಷನ್ ಚರಿತ್ರೆಯಲ್ಲಿ ಫ್ರೆಂಚ್ ಭಾಷೆಯ ಹಾಡುಗಳು ಗೆದ್ದದ್ದು 14 ಬಾರಿ. ಅದರಲ್ಲಿ ಫ್ರಾನ್ಸಿನ ಪಾಲು ಐದು. ಲಕ್ಸೆಂಬರ್ಗಿನ ಪಾಲೂ ಐದು. ಉಳಿದದ್ದು ಸ್ವಿಟ್ಜರ್ಲೆಂಡಿಗೆ ಎರಡು, ಮೊನಾಕೊ ಮತ್ತು ಬೆಲ್ಜಿಯಂಗೆ ಒಂದೊಂದು. ಮೊನಾಕೊಗೆ ಗೆದ್ದುಕೊಟ್ಟ ಸೆವೆರಿನ್ ಕೂಡ ಫ್ರಾನ್ಸಿನವಳೇ. ಅಂದರೆ ಫ್ರೆಂಚ್ ಗಾಯಕರು ಸ್ವಂತ ದೇಶಕ್ಕೆ ಗೆದ್ದುಕೊಟ್ಟದ್ದು ಎಷ್ಟೋ, ಅಂಗೈಯಗಲದ ಎರಡು ನೆರೆರಾಜ್ಯಗಳಿಗೆ ಗೆದ್ದುಕೊಟ್ಟದ್ದೂ ಅಷ್ಟೇ!

ಐದು ಗೆಲುವುಗಳ ಕಥೆ

ಮೊದಲ ಗೆಲುವು 1961ರ ಮಾರ್ಚ್ 18ರಂದು, ಫ್ರಾನ್ಸಿನ ಕಾನ್ ಪಟ್ಟಣದಲ್ಲಿ. ಜಾನ್ ಕ್ಲೋದ್ ಪಾಸ್ಕಲ್ ಆಗಲೇ ಹೆಸರು ಮಾಡಿದ್ದ ಸಿನಿಮಾ ನಟ. ಫ್ರೆಂಚ್ ನೆಲದಲ್ಲಿ, ಫ್ರೆಂಚ್ ಭಾಷೆಯಲ್ಲಿ, ಫ್ರೆಂಚ್ ನಟನೊಬ್ಬ ಲಕ್ಸೆಂಬರ್ಗಿಗೆ ಗೆದ್ದ. ಗೆದ್ದವರು ಮುಂದಿನ ವರ್ಷ ಆತಿಥ್ಯ ವಹಿಸುವ ಪದ್ಧತಿ ಇರುವುದರಿಂದ 1962ರ ಸ್ಪರ್ಧೆ ಲಕ್ಸೆಂಬರ್ಗ್ ನಗರದ ಉದ್ಯಾನದೊಳಗಿನ ವಿಲ್ಲಾ ಲೂವಿನ್ಯಿಯಲ್ಲಿ ನಡೆಯಿತು. ಅದು ಬೇರೆ ಯಾವುದೋ ಸಭಾಂಗಣವಲ್ಲ, ಆ ರೇಡಿಯೊ ಕಂಪನಿಯ ಮನೆಯೇ.

1965ರ ಗೆಲುವಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನೇಪಲ್ಸ್‌ನಲ್ಲಿ ಹಾಡಿದ ಫ್ರಾನ್ಸ್ ಗಾಲ್‌ಗೆ ಆಗ 17 ವರ್ಷ. ಹೆಸರಲ್ಲೇ ಫ್ರಾನ್ಸ್ ಇರುವ ಹುಡುಗಿ ಲಕ್ಸೆಂಬರ್ಗ್ ಪರ ಹಾಡಿದ್ದನ್ನು ಯಾವ ಕಾದಂಬರಿಕಾರನೂ ಕಲ್ಪಿಸಲಾರ. ಹಾಡು ಬರೆದದ್ದು ಫ್ರೆಂಚ್ ಗೀತಕಾರ ಸರ್ಜ್ ಗೇನ್ಸ್‌ಬರ್ಗ್. ಅಲ್ಲಿಯವರೆಗೆ ಯೂರೋವಿಷನ್ ಎಂದರೆ ವಯಲಿನ್‌ಗಳ ಹಿನ್ನೆಲೆಯ ನಿಧಾನ ಪ್ರೇಮಗೀತೆ. ಗೇನ್ಸ್‌ಬರ್ಗ್ ಕೊಟ್ಟದ್ದು ಕುದುರೆ ಓಡಿದಂಥ ಲಯ. ಹಾಡಿನ ಹೆಸರು 'ಪುಪೇ ದ ಸೀರ್, ಪುಪೇ ದ ಸೊಂ'. ಮೇಣದ ಗೊಂಬೆ, ಹೊಟ್ಟು ತುಂಬಿದ ಗೊಂಬೆ ಎಂದು ಅರ್ಥ. ಆದರೆ ಫ್ರೆಂಚಿನಲ್ಲಿ 'ಸೊಂ' ಎಂದರೆ ಹೊಟ್ಟು ಮಾತ್ರವಲ್ಲ, ಸದ್ದು ಕೂಡ. 'ಸೀರ್' ಎಂಬ ಮೇಣ ಹಳೆಯ ಕಾಲದ ರೆಕಾರ್ಡುಗಳನ್ನೂ ನೆನಪಿಸುತ್ತದೆ. ಹಾಗೆ ಓದಿದರೆ ಅದು ರೆಕಾರ್ಡಿನೊಳಗಿನ ಗೊಂಬೆ, ಬೇರೆಯವರು ಬರೆದುಕೊಟ್ಟ ಪ್ರೀತಿಯ ಮಾತುಗಳನ್ನು ಅನುಭವವಿಲ್ಲದೆ ಹಾಡುವ ಗೊಂಬೆ. ಅದನ್ನು ಹಾಡುತ್ತಿದ್ದವಳೂ ಬೇರೆಯವರು ಬರೆದುಕೊಟ್ಟದ್ದನ್ನು ಹಾಡುವ ಹುಡುಗಿಯೇ. ದೊಡ್ಡವಳಾದ ಮೇಲೆ ಗಾಲ್ ಈ ಹಾಡಿನಿಂದ ದೂರ ಸರಿದರು. ಆಶ್ಚರ್ಯವಿಲ್ಲ. ಲಕ್ಸೆಂಬರ್ಗಿನ ಐದು ಗೆಲುವುಗಳಲ್ಲಿ ನನ್ನ ಮಟ್ಟಿಗೆ ಹಾಡಾಗಿ ಇಂದಿಗೂ ಉಸಿರಾಡುತ್ತಿರುವುದು ಇದೊಂದೇ.

ವಿಕಿ ಲಿಯಾಂಡ್ರೋಸ್ 1972ರಲ್ಲಿ ಗೆಲ್ಲುವ ಮುನ್ನ 1967ರಲ್ಲೂ ಲಕ್ಸೆಂಬರ್ಗ್ ಪರವಾಗಿ ಹಾಡಿ ನಾಲ್ಕನೆಯ ಸ್ಥಾನ ಪಡೆದಿದ್ದರು. ಆ ನಾಲ್ಕನೆಯ ಸ್ಥಾನದ ಹಾಡು, 'ಲಾಮೂರ್ ಎ ಬ್ಲೂ', ಪಾಲ್ ಮೊರಿಯಾ ಎಂಬ ಫ್ರೆಂಚ್ ವಾದ್ಯವೃಂದ ನಿರ್ದೇಶಕರ ಕೈಗೆ ಸಿಕ್ಕಿ, 1968ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಗೆದ್ದ ಎಷ್ಟೋ ಹಾಡುಗಳಿಗೆ ಆ ಭಾಗ್ಯ ಸಿಗಲಿಲ್ಲ. ಇನ್ನು 1972ರ ಸ್ಪರ್ಧೆ ಎಡಿನ್‌ಬರೋದಲ್ಲಿ ಯಾಕೆ ನಡೆಯಿತು? ಹಿಂದಿನ ವರ್ಷ ಗೆದ್ದದ್ದು ಮೊನಾಕೊ. ಅದಕ್ಕೆ ನಡೆಸುವ ಅನುಕೂಲವಿರಲಿಲ್ಲ, ಬಿಬಿಸಿ ಹೊಣೆ ಹೊತ್ತಿತು. ಪುಟ್ಟ ದೇಶಕ್ಕೆ ಗೆಲುವು ಖುಷಿಯ ಜೊತೆಗೆ ಖರ್ಚಿನ ಬಿಲ್ಲನ್ನೂ ತರುತ್ತದೆ.

ಈ ಬಿಲ್ಲಿನ ವಿಷಯ ಲಕ್ಸೆಂಬರ್ಗಿಗೂ ಬೇಗನೆ ಅರ್ಥವಾಯಿತು. 1973ರಲ್ಲಿ ತನ್ನ ನೆಲದಲ್ಲೇ ಆನ್ ಮರಿ ಡೇವಿಡ್ ಹಾಡಿ ಮತ್ತೆ ಗೆದ್ದರು. 129 ಅಂಕ, ಎರಡನೆಯ ಸ್ಥಾನದ ಸ್ಪೇನ್‌ಗೆ 125, ಮೂರನೆಯ ಬ್ರಿಟನ್ನಿಗೆ 123. ಆ ವರ್ಷ ಇಸ್ರೇಲ್ ಮೊದಲ ಬಾರಿ ಸ್ಪರ್ಧಿಸಿತ್ತು. ಹಿಂದಿನ ವರ್ಷ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ನಡೆದ ಇಸ್ರೇಲಿ ಕ್ರೀಡಾಪಟುಗಳ ಹತ್ಯಾಕಾಂಡದ ನೆನಪು ಇನ್ನೂ ಹಸಿ, ಹಾಗಾಗಿ ರಂಗಮಂದಿರದ ಸುತ್ತ ಕಾವಲು ಬಿಗಿಯಾಗಿತ್ತು. ಸತತ ಎರಡು ಗೆಲುವಿನ ಸಂಭ್ರಮವೇನೋ ಸರಿ, ಸತತ ಎರಡು ವರ್ಷದ ಆತಿಥ್ಯದ ಖರ್ಚು? ಲಕ್ಸೆಂಬರ್ಗ್ ಕೈಮುಗಿಯಿತು. 1974ರ ಸ್ಪರ್ಧೆಯನ್ನು ಮತ್ತೆ ಬಿಬಿಸಿ ವಹಿಸಿಕೊಂಡು ಬ್ರೈಟನ್ ಎಂಬ ಕಡಲತೀರದ ಊರಿಗೆ ಒಯ್ದಿತು. ಅಲ್ಲಿ ಹೊಳೆಯುವ ಬಟ್ಟೆ ತೊಟ್ಟ ನಾಲ್ವರು ಸ್ವೀಡಿಷರು, ಅಬ್ಬಾ ಎಂಬ ತಂಡದವರು, 'ವಾಟರ್‌ಲೂ' ಹಾಡಿ ಗೆದ್ದರು. ಅಬ್ಬಾ ಎಂದರೆ ಬ್ರೈಟನ್, ಬ್ರೈಟನ್ ಎಂದರೆ ಅಬ್ಬಾ ಎಂಬ ನಂಟು ಬೆಸೆದದ್ದರ ಹಿಂದೆ ಲಕ್ಸೆಂಬರ್ಗಿನ ಖಾಲಿ ಜೇಬಿದೆ.

ಐದನೆಯದು 1983ರಲ್ಲಿ, ಮ್ಯೂನಿಕ್‌ನಲ್ಲಿ, ಕೊರಿನ್ ಎರ್ಮೆಸ್ ಅವರದು. 142 ಅಂಕ. ಎರಡನೆಯವರು ಇಸ್ರೇಲಿನ ಓಫ್ರಾ ಹಾಜಾ, 136. ಹಾಡು ಹಳೆಯ ಶೈಲಿಯ ಗಂಭೀರ ಫ್ರೆಂಚ್ ಗೀತೆ. ಈಗ ಕೇಳಿದರೆ ಒಂದು ಕಾಲ ಬಾಗಿಲು ಹಾಕುತ್ತಿರುವ ಸದ್ದು ಅದರಲ್ಲಿದೆ ಎನ್ನಿಸುತ್ತದೆ, ಆದರೆ ಅದು ನಂತರದ ಕಥೆ ಗೊತ್ತಿರುವವರ ಕಿವಿಯ ದೋಷವೂ ಇರಬಹುದು.

ಅಂಕಗಳನ್ನು ಹೋಲಿಸಲು ಹೊರಟವರಿಗೆ ಒಂದು ಎಚ್ಚರಿಕೆ. 1961ರಲ್ಲಿ 31, 1965ರಲ್ಲಿ 32, 1972ರಲ್ಲಿ 128, 1983ರಲ್ಲಿ 142. ಇದನ್ನು ನೋಡಿ ಗಾಯಕರು ಬರಬರುತ್ತಾ ಉತ್ತಮವಾದರು ಎಂದುಕೊಳ್ಳಬಾರದು, ತಕ್ಕಡಿಯೇ ಬದಲಾಗುತ್ತಿತ್ತು. 1961ರಲ್ಲಿ ಪ್ರತಿ ದೇಶದ ಹತ್ತು ತೀರ್ಪುಗಾರರು ತಲಾ ಒಂದು ಮತ ಹಾಕುತ್ತಿದ್ದರು. 1965ರಲ್ಲಿ ದೇಶವೊಂದು ತನ್ನ ಮೆಚ್ಚಿನ ಮೂರು ಹಾಡುಗಳಿಗೆ 5, 3, 1 ಎಂದು ಕೊಡುವುದು ವಾಡಿಕೆ. 1971ರಿಂದ 73ರವರೆಗೆ ಪ್ರತಿ ದೇಶದಿಂದ ಇಬ್ಬರು, ಒಬ್ಬರು 25 ದಾಟಿದವರು ಇನ್ನೊಬ್ಬರು ದಾಟದವರು, ಪ್ರತಿ ಹಾಡಿಗೂ ಒಂದರಿಂದ ಐದರವರೆಗೆ ಅಂಕ ಕೊಡಲೇಬೇಕಿತ್ತು. ಹಾಗಾಗಿ ಎಷ್ಟೇ ಕೆಟ್ಟ ಹಾಡಿಗೂ ಸೊನ್ನೆ ಬರುವಂತಿರಲಿಲ್ಲ. 1975ರಿಂದ, ಅತಿ ಮೆಚ್ಚಿನ ಹಾಡಿಗೆ 12 ಅಂಕ ಕೊಡುವ, ಈಗ ಎಲ್ಲರಿಗೂ ಗೊತ್ತಿರುವ ಪದ್ಧತಿ. ಆದರೂ 1973ರ ಗೆಲುವು ಯಾವ ತಕ್ಕಡಿಯಲ್ಲೂ ಭಾರವೇ: ಸಿಗಬಹುದಾದ 160ರಲ್ಲಿ 129, ಅಂದರೆ ನೂರಕ್ಕೆ ಎಂಬತ್ತು.

ಹಿತ್ತಲ ಗಿಡ

ಹಾಗಾದರೆ ಲಕ್ಸೆಂಬರ್ಗಿನವರು ಹಾಡಲೇ ಇಲ್ಲವೇ? ಹಾಡಿದರು. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಆಪ್ತರೆನಿಸುವವರು ಕಮಿಲೊ ಫೆಲ್ಗನ್.

ಫೆಲ್ಗನ್ ಅದೇ ರೇಡಿಯೊ ಲಕ್ಸೆಂಬರ್ಗಿನ ಉದ್ಘೋಷಕ, ಜರ್ಮನ್ ವಿಭಾಗದ ಜನಪ್ರಿಯ ದನಿ. 1960ರಲ್ಲಿ ಲಂಡನ್ನಿನಲ್ಲಿ ಅವರು ಲಕ್ಸೆಂಬರ್ಗಿಷ್ ಭಾಷೆಯಲ್ಲಿ ಹಾಡಿದರು. ಯೂರೋವಿಷನ್ ವೇದಿಕೆಯಲ್ಲಿ ಆ ಭಾಷೆ ಕೇಳಿಸಿದ್ದು ಅದೇ ಮೊದಲು. ಸಿಕ್ಕಿದ್ದು ಒಂದೇ ಒಂದು ಅಂಕ, ಹದಿಮೂರು ದೇಶಗಳಲ್ಲಿ ಕೊನೆಯ ಸ್ಥಾನ. ಎರಡು ವರ್ಷದ ನಂತರ ಅದೇ ಫೆಲ್ಗನ್ ತಮ್ಮೂರಿನ ವೇದಿಕೆಯಲ್ಲಿ ಫ್ರೆಂಚಿನಲ್ಲಿ ಹಾಡಿದರು. ಮೂರನೆಯ ಸ್ಥಾನ! ದನಿ ಅದೇ, ಮನುಷ್ಯ ಅದೇ. ಹಾಡು ಬೇರೆ, ಊರು ಬೇರೆ, ಅಂಕದ ಪದ್ಧತಿಯೂ ಬೇರೆ, ಆದ್ದರಿಂದ ಎಲ್ಲವನ್ನೂ ಭಾಷೆಯ ತಲೆಗೆ ಕಟ್ಟಲಾಗದು. ಆದರೆ ಪಕ್ಕದ ದೇಶಗಳಿಗೇ ಅರ್ಥವಾಗದ ಭಾಷೆಯಲ್ಲಿ ಹಾಡಿದರೆ ಏನಾಗುತ್ತದೆ ಎಂಬ ಪಾಠವನ್ನು ರೇಡಿಯೊ ಕಂಪನಿ ಕಲಿತಂತೆ ಕಾಣುತ್ತದೆ. ಪೂರ್ತಿ ಲಕ್ಸೆಂಬರ್ಗಿಷ್‌ನಲ್ಲಿ ಇನ್ನೊಂದು ಹಾಡು ಕಳಿಸಲು ಆ ದೇಶ 32 ವರ್ಷ ತೆಗೆದುಕೊಂಡಿತು. ಅಂದಹಾಗೆ, ಬೀಟಲ್ಸ್ 1964ರಲ್ಲಿ ತಮ್ಮ ಎರಡು ಹಾಡುಗಳನ್ನು ಜರ್ಮನ್ನಿನಲ್ಲಿ ಹಾಡಿದಾಗ ಆ ಜರ್ಮನ್ ಸಾಲುಗಳನ್ನು ಬರೆದುಕೊಟ್ಟದ್ದು ಇದೇ ಫೆಲ್ಗನ್. ಇಂಥವರ ತಾಯ್ನುಡಿಗೆ ಸಿಕ್ಕಿದ್ದು ಒಂದು ಅಂಕ.

ಲಕ್ಸೆಂಬರ್ಗಿಷ್ ಎಂದರೆ ಜರ್ಮನ್ನಿನ ಒಡಹುಟ್ಟಿದ ನುಡಿ. ಅಲ್ಲಿಯ ಜನ ಮನೆಯಲ್ಲಿ ಅದನ್ನಾಡಿ, ಪತ್ರಿಕೆಯನ್ನು ಜರ್ಮನ್ನಿನಲ್ಲಿ ಓದಿ, ಕಾನೂನನ್ನು ಫ್ರೆಂಚಿನಲ್ಲಿ ಬರೆದುಕೊಂಡು ಬಂದವರು. ಅದಕ್ಕೆ ರಾಷ್ಟ್ರಭಾಷೆಯ ಸ್ಥಾನ ಕಾನೂನಿನಲ್ಲಿ ಸಿಕ್ಕಿದ್ದು 1984ರ ಫೆಬ್ರುವರಿಯಲ್ಲಿ. ಆ ದೇಶದ ಧ್ಯೇಯವಾಕ್ಯವೂ ಅದೇ ಭಾಷೆಯದು: 'ನಾವು ನಾವಾಗಿಯೇ ಉಳಿಯಬಯಸುತ್ತೇವೆ'. ಯೂರೋವಿಷನ್‌ನಲ್ಲಿ ಮಾತ್ರ ನಲವತ್ತು ವರ್ಷ ಬೇರೆ ಯಾರೋ ಆಗಿ ನಿಂತಿತು.

ಅದೇ 1984ರ ಮೇ 5ರಂದು ಸ್ಪರ್ಧೆ ನಾಲ್ಕನೆಯ ಬಾರಿ ಲಕ್ಸೆಂಬರ್ಗಿಗೆ ಬಂತು. ನಿರೂಪಕಿ ದೆಸಿರೆ ನೊಸ್ಬುಶ್‌ಗೆ 19 ವರ್ಷ. ಫ್ರೆಂಚ್, ಇಂಗ್ಲಿಷ್, ಜರ್ಮನ್, ಲಕ್ಸೆಂಬರ್ಗಿಷ್‌ಗಳ ನಡುವೆ, ಒಂದೇ ಮಾತಿನೊಳಗೂ ಕೆಲವೊಮ್ಮೆ, ಆಕೆ ಜಿಗಿದಾಡುತ್ತಾ ಕಾರ್ಯಕ್ರಮ ನಡೆಸಿಕೊಟ್ಟರು. ನಮ್ಮಲ್ಲಿ ಕಾಸರಗೋಡಿನವರೋ ಬಳ್ಳಾರಿಯವರೋ ಮೂರು ಭಾಷೆ ಬೆರೆಸಿ ಮಾತಾಡುವುದನ್ನು ಕೇಳಿದವರಿಗೆ ಅದು ಅತಿ ಸಹಜ. ಫ್ರಾನ್ಸಿನಿಂದ ತರಿಸಿದ ಯಾವ ಗಾಯಕರಿಗಿಂತಲೂ ಆ ರಾತ್ರಿ ಲಕ್ಸೆಂಬರ್ಗ್ ಕೇಳಿಸಿದ್ದು ಆ ಹುಡುಗಿಯ ಬಾಯಲ್ಲಿ.

ಉಳಿದಂತೆ ಬಂದುಹೋದವರ ಪಟ್ಟಿ ರೈಲ್ವೆ ಜಂಕ್ಷನ್ನಿನಂತಿದೆ. 1963ರಲ್ಲಿ ಗ್ರೀಸಿನ ನಾನಾ ಮುಸ್ಕೂರಿ. 1978ರಲ್ಲಿ ಸ್ಪೇನಿನ ಬಕಾರಾ ಜೋಡಿ. 1979ರಲ್ಲಿ ಅಮೆರಿಕದ ಜೀನ್ ಮ್ಯಾನ್ಸನ್. 1986ರಲ್ಲಿ ಕೆನಡಾದ ಶೆರಿಸ್ ಲಾರೆನ್ಸ್, ಮೂರನೆಯ ಸ್ಥಾನ. 1988ರಲ್ಲಿ ಬೆಲ್ಜಿಯಂನ ಲಾರಾ ಫೇಬಿಯನ್, ನಾಲ್ಕನೆಯ ಸ್ಥಾನ. ಆ 1988ರಲ್ಲಿ ಸ್ವಿಟ್ಜರ್ಲೆಂಡ್ ಪರ ಹಾಡಿ ಒಂದೇ ಅಂಕದಲ್ಲಿ ಗೆದ್ದ ಸೆಲೀನ್ ಡಿಯಾನ್ ಕೂಡ ಕೆನಡಾದವರೇ, ಹಾಗಾಗಿ ಎರವಲು ದನಿಯ ರೋಗ, ಅದನ್ನು ರೋಗವೆನ್ನುವುದಾದರೆ, ಲಕ್ಸೆಂಬರ್ಗಿಗೆ ಮಾತ್ರ ಅಂಟಿದ್ದಲ್ಲ. ಜರ್ಮನಿಯ ಹಾಡು ತಯಾರಕರಿಗೂ ಹಿಂಬಾಗಿಲು ಗೊತ್ತಿತ್ತು. ರಾಲ್ಫ್ ಸೀಗೆಲ್ ಯೂರೋವಿಷನ್‌ಗೆ ಕಾಲಿಟ್ಟದ್ದೇ 1974ರಲ್ಲಿ ಲಕ್ಸೆಂಬರ್ಗ್ ಮೂಲಕ. ಎಲ್ಲ ಎರವಲೂ ಫಲಿಸಲಿಲ್ಲ ಎನ್ನುವುದಕ್ಕೆ 1970 ಸಾಕ್ಷಿ: ಆಮ್‌ಸ್ಟರ್‌ಡ್ಯಾಮಿನಲ್ಲಿ ಡೇವಿಡ್ ಅಲೆಕ್ಸಾಂಡರ್ ವಿಂಟರ್‌ಗೆ ಸಿಕ್ಕಿದ್ದು ಸೊನ್ನೆ.

ಕೇಳುಗ ಬದಲಾದಾಗ

ಹಾಗಾದರೆ ಇಂಥ ಗೆಲ್ಲುವ ಯಂತ್ರ ಕೆಟ್ಟದ್ದು ಯಾಕೆ? 'ಹಣವಿರಲಿಲ್ಲ' ಎಂಬುದು ಸುಲಭದ ಉತ್ತರ, ಆದರೆ ಲಕ್ಸೆಂಬರ್ಗ್ ಈ ವರ್ಷಗಳಲ್ಲಿ ಬಡವಾಗುತ್ತಿರಲಿಲ್ಲ, ಶ್ರೀಮಂತವಾಗುತ್ತಿತ್ತು. ಬದಲಾದದ್ದು ಕೇಳುಗ.

ರೇಡಿಯೊ ಲಕ್ಸೆಂಬರ್ಗಿನ ಇಡೀ ವ್ಯಾಪಾರ ನಿಂತಿದ್ದದ್ದು ನೆರೆದೇಶಗಳಲ್ಲಿ ಖಾಸಗಿ ಪ್ರಸಾರಕ್ಕೆ ಅವಕಾಶವಿಲ್ಲ ಎಂಬುದರ ಮೇಲೆ. 1980ರ ದಶಕದಲ್ಲಿ ಆ ಗೋಡೆ ಬಿತ್ತು. ಜರ್ಮನ್ ನೋಡುಗರಿಗಾಗಿ 1984ರಲ್ಲಿ ಇದೇ ಕಂಪನಿಯ ಆರ್‌ಟಿಎಲ್ ಪ್ಲಸ್ ಎಂಬ ಟಿವಿ ಚಾನೆಲ್ ಶುರುವಾಯಿತು. 1987ರಲ್ಲಿ ಫ್ರಾನ್ಸಿನಲ್ಲಿ ಎಂ6 ಚಾನೆಲ್ ಬಂತು, ಅದರಲ್ಲೂ ಈ ಕಂಪನಿಯ ಪಾಲಿತ್ತು. ಗಡಿಯಾಚೆಯಿಂದ ಕೂಗಿ ಕರೆಯುವ ಅಗತ್ಯವೇ ಇಲ್ಲದಂತಾಗಿ, ಕಂಪನಿ ನೇರ ಆ ದೇಶಗಳ ಒಳಗೇ ಅಂಗಡಿ ತೆರೆಯಿತು. ಲಕ್ಸೆಂಬರ್ಗಿನಲ್ಲಿ ಉಳಿದದ್ದು ಊರಿನವರಿಗಾಗಿ ಒಂದು ಚಿಕ್ಕ ಚಾನೆಲ್. 1991ರಿಂದ ಅದು ಲಕ್ಸೆಂಬರ್ಗಿಷ್‌ನಲ್ಲಿ ದಿನವೂ ಸುದ್ದಿ, ಕಾರ್ಯಕ್ರಮ ಕೊಡತೊಡಗಿತು.

ಈಗ ಯೂರೋವಿಷನ್ ಹಾಡು ಆರಿಸಬೇಕಾದದ್ದು ಲೊರೇನಿನ ಫ್ರೆಂಚರನ್ನು ಮೆಚ್ಚಿಸುವ ದೊಡ್ಡ ಕಂಪನಿಯಲ್ಲ, ನಾಲ್ಕು ಲಕ್ಷ ಜನರ ಊರ ಚಾನೆಲ್. ಪ್ಯಾರಿಸಿಗೂ ಹಿಂಬಾಗಿಲಿನ ಹಂಗು ತಪ್ಪಿತ್ತು. ಸ್ಪರ್ಧೆಯಲ್ಲೂ ಫ್ರೆಂಚಿನ ದರ್ಬಾರು ಮುಗಿಯುತ್ತಿತ್ತು. 1988ರ ಸೆಲೀನ್ ಡಿಯಾನ್ ನಂತರ 2025ರವರೆಗೆ ಒಂದೂ ಫ್ರೆಂಚ್ ಹಾಡು ಗೆದ್ದಿಲ್ಲ. ಹಾಗಾಗಿ ಲಕ್ಸೆಂಬರ್ಗ್ ಕೊನೆಗೂ ತನ್ನವರನ್ನೇ ಕಳಿಸತೊಡಗಿತು, ಮತ್ತು ಸೋಲತೊಡಗಿತು. 1992ರಲ್ಲಿ ಮರಿಯನ್ ವೆಲ್ಟರ್ ಮತ್ತು ಕಾಂಟಿನೆಂಟ್ ತಂಡ ಲಕ್ಸೆಂಬರ್ಗಿಷ್‌ನಲ್ಲಿ 'ಸೋ ಫ್ರೈ', 'ಅಷ್ಟು ಸ್ವತಂತ್ರ', ಎಂದು ಹಾಡಿತು. ಬಂದದ್ದು 10 ಅಂಕ. ಆ ಹತ್ತನ್ನೂ ಕೊಟ್ಟದ್ದು ಒಂದೇ ದೇಶ: ಮಾಲ್ಟಾ. ತನ್ನ ಪುಟ್ಟ ಭಾಷೆಯನ್ನು ಯಾರೂ ಕೇಳುವುದಿಲ್ಲ ಎಂಬ ಸಂಕಟ ಬಲ್ಲ ಇನ್ನೊಂದು ಪುಟ್ಟ ದೇಶ ಕೈಹಿಡಿಯಿತು ಎಂದುಕೊಳ್ಳಲು ಆಸೆಯಾಗುತ್ತದೆ. ಬಹುಶಃ ತೀರ್ಪುಗಾರರಿಗೆ ಹಾಡು ಹಿಡಿಸಿತ್ತು, ಅಷ್ಟೇ.

ಮರುವರ್ಷ ಐರ್ಲೆಂಡಿನ ಮಿಲ್‌ಸ್ಟ್ರೀಟ್ ಎಂಬ ಸಣ್ಣ ಊರಿನ ಕುದುರೆ ಪ್ರದರ್ಶನದ ಅಂಗಣದಲ್ಲಿ ಸ್ಪರ್ಧೆ. ಲಕ್ಸೆಂಬರ್ಗಿನ ಮಾಡರ್ನ್ ಟೈಮ್ಸ್ ಫ್ರೆಂಚ್ ಮತ್ತು ಲಕ್ಸೆಂಬರ್ಗಿಷ್ ಬೆರೆಸಿ ಹಾಡಿತು. ಹಾಡಿನ ಹೆಸರಿನ ಅರ್ಥ 'ನನಗೊಂದು ಅವಕಾಶ ಕೊಡು'. 11 ಅಂಕ, 25ರಲ್ಲಿ 20ನೆಯ ಸ್ಥಾನ. ಅವಕಾಶ ಸಿಗಲಿಲ್ಲ. ಯುಗೊಸ್ಲಾವಿಯ ಒಡೆದು, ಪೂರ್ವ ಯೂರೋಪಿನ ಬಾಗಿಲು ತೆರೆದು, ಹೊಸ ದೇಶಗಳು ಸಾಲುಗಟ್ಟಿದ್ದ ಕಾಲ ಅದು. ಎಲ್ಲರಿಗೂ ಜಾಗವಿಲ್ಲವೆಂದು ಕೆಳಗಿನ ಸ್ಥಾನದವರನ್ನು ಮುಂದಿನ ವರ್ಷ ಹೊರಗಿಡುವ ನಿಯಮ ಬಂದಿತ್ತು. 1994ರಲ್ಲಿ ಲಕ್ಸೆಂಬರ್ಗ್ ಹಾಗೆ ಹೊರಗುಳಿಯಿತು. 1995ರಲ್ಲಿ ಬರಬಹುದಿತ್ತು, ಬರಲಿಲ್ಲ. 37 ಬಾರಿ ಹಾಡಿದ್ದ, ಅದುವರೆಗೆ 1959ನ್ನು ಮಾತ್ರ ತಪ್ಪಿಸಿಕೊಂಡಿದ್ದ ದೇಶ ಸದ್ದಿಲ್ಲದೆ ಎದ್ದುಹೋಯಿತು. 33,000 ಜನರ ಸ್ಯಾನ್ ಮರಿನೊ 2008ರಲ್ಲಿ ಬಂದು ಸೇರಿದಾಗಲೂ ಇವರು ಕದಲಲಿಲ್ಲ.

2023ರ ಮೇ ತಿಂಗಳಲ್ಲಿ, ಲಿವರ್‌ಪೂಲ್ ಸ್ಪರ್ಧೆಯ ಹೊತ್ತಿಗೆ, ಮರಳುವ ಪ್ರಕಟಣೆ ಹೊರಬಿತ್ತು. ಈ ಸಲ ಸರ್ಕಾರದ ಬೆಂಬಲವೂ ಇತ್ತು. ಹಾಡುಗಾರರಿಗೆ ದೇಶದೊಂದಿಗೆ ನಂಟಿರಬೇಕು ಎಂಬ ಷರತ್ತೂ ಇತ್ತು, ಹಳೆಯ ಲಕ್ಸೆಂಬರ್ಗ್ ಎಂದೂ ಕೇಳದ್ದು. 2024ರ ಜನವರಿಯಲ್ಲಿ ಎಶ್ ಪಟ್ಟಣದಲ್ಲಿ ನಡೆದ ಆಯ್ಕೆ ಸುತ್ತಿನ ನಿರೂಪಕರ ಸಾಲಿನಲ್ಲಿ, ನಲವತ್ತು ವರ್ಷ ಹಿರಿಯರಾಗಿ, ನಿಂತಿದ್ದವರು ದೆಸಿರೆ ನೊಸ್ಬುಶ್. ಅವರು ಹುಟ್ಟಿದ್ದೂ ಎಶ್‌ನಲ್ಲೇ.

ಆಯ್ಕೆಯಾದವರು ಟಾಲಿ. ಜೆರುಸಲೇಮಿನಲ್ಲಿ ಹುಟ್ಟಿ, ದಕ್ಷಿಣ ಅಮೆರಿಕದಲ್ಲಿ ಬಾಲ್ಯದ ಒಂದಷ್ಟು ಕಾಲ ಕಳೆದು, ಲಕ್ಸೆಂಬರ್ಗಿನಲ್ಲಿ ಬೆಳೆದವರು. ಹಾಡು ಫ್ರೆಂಚ್ ಮತ್ತು ಇಂಗ್ಲಿಷ್‌ನಲ್ಲಿ. ಕಾರ್ಫು, ಜರ್ಮನಿ, ಎಡಿನ್‌ಬರೋ ಎಂಬ ವಿಕಿಯ ಪಟ್ಟಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಬಹುದು. ವ್ಯತ್ಯಾಸವಿದೆ. ವಿಕಿ ಹಾಡಿ ಹೋದವರು, ಟಾಲಿ ಅಲ್ಲಿ ಶಾಲೆಗೆ ಹೋದವರು. ಇಂದಿನ ಲಕ್ಸೆಂಬರ್ಗಿನ ಜನಸಂಖ್ಯೆ ಆರೂವರೆ ಲಕ್ಷ ದಾಟಿದೆ, ಅದರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಜನರ ಪಾಸ್‌ಪೋರ್ಟ್ ಬೇರೆ ದೇಶದ್ದು. ಪೋರ್ಚುಗೀಸರದ್ದೇ ದೊಡ್ಡ ಸಮುದಾಯ. ಅಲ್ಲಿ 'ನಮ್ಮೂರ ಹುಡುಗಿ' ಎಂದರೆ ಈಗ ಇಂಥವರೇ. ಸ್ವೀಡನ್ನಿನ ಮಾಲ್ಮೊದಲ್ಲಿ ಟಾಲಿ ಫೈನಲ್ ತಲುಪಿ, 83 ಅಂಕ ಪಡೆದು, 13ನೆಯವರಾದರು. ಮೂವತ್ತೊಂದು ವರ್ಷದ ಮೌನದ ನಂತರ ಅದು ಕಡಿಮೆಯಲ್ಲ.

2025ರಲ್ಲಿ ಲಾರಾ ಥಾರ್ನ್ ಸ್ಪರ್ಧೆಗೆಂದು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋದರು. ಫ್ರಾನ್ಸ್ ಗಾಲ್ ಗೆದ್ದು ಸರಿಯಾಗಿ 60 ವರ್ಷ. ಥಾರ್ನ್ ಹಾಡಿನ ಹೆಸರು 'ಲಾ ಪುಪೇ ಮೊಂತ್ ಲ ಸೊಂ'. ಗೊಂಬೆ ಸದ್ದು ಏರಿಸುತ್ತಾಳೆ. 'ಸೊಂ' ಎಂಬ ಅದೇ ಹಳೆಯ ಪದ, ಆದರೆ ಈ ಸಲ ಹೊಟ್ಟಿಗೆ ಜಾಗವಿಲ್ಲ, ಬರೀ ಸದ್ದು. ಗೇನ್ಸ್‌ಬರ್ಗ್ ಬರೆದುಕೊಟ್ಟದ್ದನ್ನು ಹಾಡಿದ ಗೊಂಬೆ ಈಗ ತನ್ನ ದಾರಗಳನ್ನು ತಾನೇ ಹಿಡಿದುಕೊಳ್ಳುತ್ತಾಳೆ, ಯಾರ ಆಟಿಕೆಯೂ ಅಲ್ಲ ಎನ್ನುತ್ತಾಳೆ. ಪ್ಯಾರಿಸಿನಿಂದ ತರಿಸಿಕೊಂಡ ಹಾಡಿಗೆ ಲಕ್ಸೆಂಬರ್ಗಿನ ಹುಡುಗಿಯೊಬ್ಬಳು ಅರವತ್ತು ವರ್ಷದ ಮೇಲೆ, ಫ್ರೆಂಚಿನಲ್ಲೇ, ಎದುರುತ್ತರ ಕೊಟ್ಟಳು. 47 ಅಂಕ, 22ನೆಯ ಸ್ಥಾನ.